ಊರಲ್ಲಿರುವ ಅಪ್ಪ-ಅಮ್ಮನಿಗೆ ಬ್ಲೂಟೂತ್ ಬಿಪಿ ಮೆಷಿನ್ ಕೊಡುವ ಮುಂಚೆ

ಮಕ್ಕಳು ಬೆಂಗಳೂರಲ್ಲಿ, ಅಪ್ಪ-ಅಮ್ಮ ಶ್ರೀನಿವಾಸಪುರದಲ್ಲೋ ಮುಳಬಾಗಿಲಲ್ಲೋ. ಕೋಲಾರ ಜಿಲ್ಲೆಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಹಬ್ಬಕ್ಕೆ ಬಂದ ಮಗ, ಬಿಪಿ ನಂಬರನ್ನು ಫೋನಿನ ಆ್ಯಪ್‌ಗೆ ಕಳಿಸುವ ಮೆಷಿನ್ ಕೊಟ್ಟು ಹೋಗುತ್ತಾನೆ, ಸ್ವಲ್ಪ ದಿನಕ್ಕೆ ಅದು ಬೀರು ಸೇರುತ್ತದೆ. ವಯಸ್ಸಾದವರಿಗೆ ಇದೆಲ್ಲ ಗೊತ್ತಾಗಲ್ಲ ಅಂತ ಸುಮ್ನೆ ಹೇಳಬೇಡಿ. ದಿನವಿಡೀ ಯೂಟ್ಯೂಬ್ ನೋಡುವವರಿಗೆ ಒಂದು ಬಟನ್ ಒತ್ತುವುದು ಕಷ್ಟವಾ?

ಜನ ಹೊಸ ತಂತ್ರಜ್ಞಾನ ಒಪ್ಪುವ ಬಗ್ಗೆ ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಎರಡು ಮುಖ್ಯ ಕಾರಣ ಹೇಳಿದರು: ಇದರಿಂದ ನನಗೆ ಉಪಯೋಗ ಇದೆಯಾ, ಬಳಸೋದು ಸುಲಭಾನಾ. ಅವರು ನೋಡಿದ್ದು ಕಂಪ್ಯೂಟರ್ ಬಳಸುವವರನ್ನು. ಮನೆಯಲ್ಲಿ ಮೂರನೆಯದೂ ಇದೆ, ನನ್ನ ಪ್ರಕಾರ ಅದೇ ದೊಡ್ಡದು: ಈ ನಂಬರ್ ಯಾರು ನೋಡುತ್ತಾರೆ? ಆ್ಯಪ್‌ನಲ್ಲಿ 150 ಕಂಡ ಕೂಡಲೇ ಫೋನ್ ಮಾಡಿ "ಅಮ್ಮಾ, ಮತ್ತೆ ಉಪ್ಪಿನಕಾಯಿ ತಿಂದ್ಯಾ?" ಅಂದರೆ, ಅದೂ ಮಾವಿನ ಊರಲ್ಲಿ ಇರುವವರಿಗೆ, ನಾಳೆಯಿಂದ ಅವರು ಮೆಷಿನ್ ಮುಟ್ಟುವುದಿಲ್ಲ. ಹಾಗಾಗಿ ಮೊದಲು ಶೇರಿಂಗ್ ಆಫ್ ಇರಲಿ. ಯಾರಿಗೆ ತೋರಿಸಬೇಕು ಅಂತ ಅವರೇ ಹೇಳಲಿ.

ಮೊದಲ ನಂಬರ್ ಹೆದರಿಸಿದರೂ ಕೆಲಸ ಕೆಟ್ಟಿತು. ಡೇರಿಗೆ ಹಾಲು ಹಾಕಿ ನಡೆದು ಬಂದ ತಕ್ಷಣ ನೋಡಿದರೆ ಬಿಪಿ ಜಾಸ್ತಿ ಬರಬಹುದು, ಕಾಫಿ ಕುಡಿದ ಮೇಲೂ ಅಷ್ಟೇ. ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. 5 ನಿಮಿಷ ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಮಾತಾಡದೆ ಕೂರಬೇಕು. ತೋಳಿಗೆ ಸರಿಯಾದ ಅಳತೆಯ ಪಟ್ಟಿ, ಎದೆಯ ಮಟ್ಟಕ್ಕೆ ಕೈ. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ. ಮಣಿಕಟ್ಟಿಗೆ ಕಟ್ಟುವ ಮೆಷಿನ್ ಬೇಡ. ಎಷ್ಟೋ ಮೆಷಿನ್‌ಗಳು ನಂಬರ್ ನೆನಪಿಟ್ಟುಕೊಂಡು, ಆಮೇಲೆ ಫೋನ್‌ಗೆ ಕಳಿಸುತ್ತವೆ. ಅಂಥದ್ದೇ ಕೊಳ್ಳಿ, ಪ್ರತಿ ಸಲ ಫೋನ್ ಹುಡುಕುವ ರಗಳೆ ಇರುವುದಿಲ್ಲ.

ತೋಳಿಗೆ ಅಂಟಿಸುವ ಶುಗರ್ ಸೆನ್ಸರ್ ಆದರೆ ಒಂದು ವಿಷಯ ಮೊದಲೇ ಹೇಳಿ. ಅದು ಅಳೆಯುವುದು ರಕ್ತದ ಶುಗರ್ ಅಲ್ಲ, ಚರ್ಮದ ಕೆಳಗಿನ ದ್ರವದ ಶುಗರ್, ಹಾಗಾಗಿ ಊಟ ಆದ ಮೇಲೆ ಅದರ ನಂಬರ್ ರಕ್ತದ ನಂಬರಿಗಿಂತ ಕೆಲವು ನಿಮಿಷ ಹಿಂದಿರುತ್ತದೆ. ಇದು ಗೊತ್ತಿಲ್ಲದಿದ್ದರೆ, ಬೆರಳು ಚುಚ್ಚಿ ನೋಡಿದ ನಂಬರ್ ಬೇರೆ ಬಂದಾಗ "ಇದು ಸುಳ್ಳು ಹೇಳುತ್ತೆ" ಅಂತ ಕಿತ್ತು ಹಾಕುತ್ತಾರೆ. ಖರ್ಚನ್ನೂ ಮುಚ್ಚಿಡಬೇಡಿ, ಹಲವು ಸೆನ್ಸರ್‌ಗಳ ಆಯಸ್ಸು 14 ದಿನ ಅಷ್ಟೇ.

ಇನ್ನು ಡಾಕ್ಟರ್. ಅವರು ಆ ನಂಬರ್ ನೋಡಿ ಮಾತ್ರೆಯ ಬಗ್ಗೆ ಒಂದು ಮಾತಾಡಿದರೂ ಸಾಕು, ಮೆಷಿನ್‌ಗೆ ಬೆಲೆ ಬರುತ್ತದೆ. ರಶ್ ಇರುವ ಓಪಿಡಿಯಲ್ಲಿ ಆ್ಯಪ್ ತೆರೆದು ತೋರಿಸಲು ಆಗಲ್ಲ. ಹಿಂದಿನ ವಾರದ್ದನ್ನು, ಬೆಳಗ್ಗೆ ಎಷ್ಟು ಸಂಜೆ ಎಷ್ಟು ಅಂತ, ಒಂದೇ ಹಾಳೆಯಲ್ಲಿ ಬರೆದು ಓಪಿಡಿ ಚೀಟಿಗೆ ಪಿನ್ ಮಾಡಿಕೊಡಿ.