ಉಗಾಂಡಾದಲ್ಲಿ ಊಟ ನಮ್ಮದೇ, ಪೂಜೆ ಮಾತ್ರ ಬೇರೆ

ಚರ್ಚಿನ ತಂಡದ ಜೊತೆ ಸೇವೆಗೆ ಅಂತ ಉಗಾಂಡಾಕ್ಕೆ ಹೋಗಿ ಬಂದೆ. ಕಾರವಾರದಲ್ಲಿ ಎಲ್ಲರೂ ಕೇಳುವುದು ಒಂದೇ, ಊಟಕ್ಕೆ ಏನ್ ಮಾಡಿದ್ರಿ ಅಂತ. ಊಟಕ್ಕೇನೂ ತೊಂದರೆ ಆಗಲಿಲ್ಲ. ಹೊಸದು ಅನ್ನಿಸಿದ್ದು ಇಗರ್ಜಿ, ಅಂದರೆ ಚರ್ಚಿನ ಪೂಜೆ. ನಾನು ಅಂದುಕೊಂಡು ಹೋಗಿದ್ದು ಇದರ ಉಲ್ಟಾ.

ಅಲ್ಲಿ ಮನೆಮನೆಯಲ್ಲೂ ಮಾಟೋಕೆ. ಬಾಳೆಕಾಯಿ ಸಿಪ್ಪೆ ತೆಗೆದು, ಬಾಳೆಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ, ಎಲೆಯ ಒಳಗೇ ಹಿಸುಕುತ್ತಾರೆ. ಮೇಲೆ ಶೇಂಗಾ ಸಾರು. ಖಾರ ಇಲ್ಲವೇ ಇಲ್ಲ. ನಮ್ಮ ತಂಡದಲ್ಲಿ ಉಪ್ಪಿನಕಾಯಿ ಡಬ್ಬ ಇತ್ತು, ಆದರೆ ಊಟಕ್ಕೆ ಕರೆದವರ ಎದುರು ನಾನು ಅದನ್ನು ತೆಗೆಯಲು ಬಿಡಲಿಲ್ಲ. ಕೈಯಲ್ಲಿ ಉಣ್ಣುವುದು ನೋಡಿ ಮನೆಯವರಿಗೆ ಖುಷಿ. ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಹೆಂಗಸರು ಮುಕೆನೆ ಅನ್ನುವ ಸಣ್ಣ ಬೆಳ್ಳಿ ಬಣ್ಣದ ಮೀನು ಒಣಗಿಸುತ್ತಿದ್ದರು. ಆ ವಾಸನೆಗೆ ಬೆಂಗಳೂರಿನಿಂದ ಬಂದವರು ಮೂಗು ಮುಚ್ಚಿದರು, ಬೈತಖೋಲ್ ಬಂದರಿನ ಪಕ್ಕ ಬೆಳೆದ ನನಗೆ ಹಸಿವಾಯಿತು.

ಕಷ್ಟ ಆಗಿದ್ದು ನಮಸ್ಕಾರದ್ದು. ಉಗಾಂಡಾದ ಒಳಗಿನ ಹಳೇ ರಾಜ್ಯ ಬುಗಾಂಡಾ, ಆ ಕಡೆ ಹೆಂಗಸರು, ಮಕ್ಕಳು ದೊಡ್ಡವರನ್ನು ಮಾತಾಡಿಸುವಾಗ ಮೊಣಕಾಲೂರುತ್ತಾರೆ. ನನ್ನಷ್ಟೇ ವಯಸ್ಸಿನ ಟೀಚರ್ ಒಬ್ಬರು ನೀರು ಕೊಡುವಾಗ ಹಾಗೆ ಕೂತರು, ನನಗೆ ಎಲ್ಲಿ ನೋಡಬೇಕು ಅಂತಾನೇ ಗೊತ್ತಾಗಲಿಲ್ಲ. ಅಲ್ಲಿನ ಫಾದರ್ ಹೇಳಿದರು, ಎಬ್ಬಿಸಲು ಹೋಗಬೇಡಿ, ಸುಮ್ನೆ ಕೂತು ಪೂರ್ತಿ ಮಾತಾಡಿಸಿ. ಪೂರ್ತಿ ಅಂದರೆ ಪೂರ್ತಿ: ಹೇಗಿದ್ದೀರಿ, ಮನೆಯಲ್ಲಿ ಹೇಗಿದ್ದಾರೆ, ಕೆಲಸ ಹೇಗೆ, ನಡುನಡುವೆ ಊಂ, ಊಂ. ಇದಾದ ಮೇಲೇ ಬಂದ ಕೆಲಸದ ಮಾತು. ಶಾಲೆಗೆ ಬಣ್ಣ ಹೊಡೆಯಲು ಹೋದ ನಾವು ಬೆಳಗಿನ ಮೊದಲ ಅರ್ಧ ಗಂಟೆ ಬ್ರಷ್ ಮುಟ್ಟುತ್ತಲೇ ಇರಲಿಲ್ಲ. ನನಗಂತೂ ಅದೇ ಇಷ್ಟವಾಯಿತು.

ತಂಡದಲ್ಲಿ ಹಳಿಯಾಳ ಕಡೆಯ ಸಿದ್ದಿ ಗೆಳೆಯನೊಬ್ಬ ಇದ್ದ. ಅವರ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ತಂದದ್ದು ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ. ಎಂಟೆಬ್ಬೆ ವಿಮಾನ ನಿಲ್ದಾಣದಿಂದಲೇ ಎಲ್ಲರೂ ಅವನ ಹತ್ತಿರ ಅಲ್ಲಿನ ಲುಗಾಂಡಾ ಭಾಷೆಯಲ್ಲಿ ಮಾತು ಶುರು ಮಾಡುತ್ತಿದ್ದರು. ಅವನು ಕನ್ನಡದಲ್ಲಿ ನನ್ನ ಕಡೆ ತಿರುಗಿ ಏನಂತೆ ಅನ್ನುವುದು, ಅವರು ಕಕ್ಕಾಬಿಕ್ಕಿ. ನನ್ನನ್ನು ಕಂಡರೆ ಮಾತ್ರ, ನಿಮ್ಮ ಅಂಗಡಿ ಎಲ್ಲಿ ಅಂತ ಕೇಳುತ್ತಿದ್ದರು. ಭಾರತೀಯ ಅಂದರೆ ಅಲ್ಲಿ ವ್ಯಾಪಾರಿ ಅಂತಲೇ ಲೆಕ್ಕ. 1972ರಲ್ಲಿ ಇದಿ ಅಮೀನ್ ಏಷ್ಯಾದವರಿಗೆ 90 ದಿನದಲ್ಲಿ ದೇಶ ಬಿಡಿ ಅಂದ ಕಥೆಯನ್ನು ವಯಸ್ಸಾದವರು ತಾವಾಗಿಯೇ ತೆಗೆಯುತ್ತಿದ್ದರು. ಒಬ್ಬರು ಹೇಳಿದ್ದು ನೆನಪಿದೆ: ಅವರು ಹೋದರು, ಚಪಾತಿ ಉಳೀತು. ನಿಜ, ಮೊಟ್ಟೆ ಸುತ್ತಿದ ಚಪಾತಿ ರಸ್ತೆರಸ್ತೆಯಲ್ಲೂ ಸಿಗುತ್ತದೆ, ಹೆಸರು ರೋಲೆಕ್ಸ್.

ಇನ್ನು ಪೂಜೆ. ಪ್ರಾರ್ಥನೆಯ ಕ್ರಮ ನಮ್ಮದೇ, ಭಾಷೆ ಬರದಿದ್ದರೂ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಗೊತ್ತಾಗುತ್ತದೆ. ಆದರೆ ಡೋಲು ಶುರುವಾದರೆ ಇಡೀ ಇಗರ್ಜಿ ಅಲುಗಾಡುತ್ತದೆ. ಹೆಂಗಸರು ನಾಲಿಗೆ ಆಡಿಸಿ ಕೇಕೆ ಹಾಕುತ್ತಾರೆ. ಕಾಣಿಕೆ ಹೊತ್ತಿಗೆ ಬಾಳೆಗೊನೆ, ಮೊಟ್ಟೆ, ಜೀವಂತ ಕೋಳಿ ಹಿಡಿದು ಕುಣಿಯುತ್ತಾ ಬರುತ್ತಾರೆ. ನಮ್ಮಲ್ಲಿ ಮೇರಿ ಮಾತೆ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಮಕ್ಕಳು ಹೂವು ತರುವುದೇ ದೊಡ್ಡ ಸಡಗರ, ಅಲ್ವಾ? ಮೂರು ಗಂಟೆ ಆದರೂ ಯಾರೂ ಗಡಿಯಾರ ನೋಡಲಿಲ್ಲ, ನಾನೊಬ್ಬನನ್ನು ಬಿಟ್ಟು. ನನ್ನ ಸಿದ್ದಿ ಗೆಳೆಯ ಆಗಲೇ ಡೋಲಿನವರ ಪಕ್ಕ ನಿಂತಿದ್ದ, ಊರಲ್ಲಿ ದಮಾಮಿ ಬಾರಿಸುವ ಕೈ.

ಕಂಪಾಲಾ ಹತ್ತಿರದ ಹುತಾತ್ಮರ ಕ್ಷೇತ್ರ ನಮುಗೊಂಗೋ ನೋಡಿದ ಮೇಲೆ ಆ ಹುರುಪು ಎಲ್ಲಿಂದ ಅಂತ ಸ್ವಲ್ಪ ತಿಳಿಯಿತು. ಆ ದೇಶಕ್ಕೆ ಕ್ಯಾಥೊಲಿಕ್ ಮಿಷನರಿಗಳು ಬಂದದ್ದೇ 1879ರಲ್ಲಿ. 1886ರಲ್ಲಿ ಬುಗಾಂಡಾದ ರಾಜ ಮ್ವಾಂಗಾ ಕ್ರೈಸ್ತರಾಗಿದ್ದ ತನ್ನ ಅರಮನೆಯ ಹುಡುಗರನ್ನೇ ನಮುಗೊಂಗೋದಲ್ಲಿ ಸುಡಿಸಿದ. ಆ ಕಾಲದ 22 ಹುತಾತ್ಮರನ್ನು 1964ರಲ್ಲಿ ಸಂತರೆಂದು ಘೋಷಿಸಿದರು. ಪ್ರತಿ ಜೂನ್ 3ರ ಹಬ್ಬಕ್ಕೆ ಜನ ದೂರದೂರದಿಂದ ನಡೆದೇ ಬರುತ್ತಾರೆ. ನಮಗೆ ಸಂತರು ಅಂದರೆ ಹಡಗಿನಲ್ಲಿ ಬಂದವರು, ಅವರಿಗೆ ಪಕ್ಕದ ಹಳ್ಳಿಯ ಹುಡುಗರು. ಇಂಥವರಿಗೆ ಬೋಧಿಸಲು ನಮ್ಮ ಹತ್ತಿರ ಏನಿದೆ ಅಂತ ತಂಡದಲ್ಲಿ ಜೋರು ಚರ್ಚೆಯೇ ಆಯಿತು. ಕೊನೆಗೆ ಭಾಷಣದ ಕಾರ್ಯಕ್ರಮ ಕೈಬಿಟ್ಟು ಬಣ್ಣ ಹೊಡೆಯುವುದು, ಕಾಯಿಲೆಯವರ ಮನೆಗೆ ಹೋಗುವುದು ಇಷ್ಟೇ ಇಟ್ಟುಕೊಂಡೆವು.

ಹೋಗುವವರಿದ್ದರೆ ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ಭಾರತದಲ್ಲಿ ಕ್ವಾರಂಟೈನ್ ಮಾಡುತ್ತಾರೆ. ಲಗೇಜಿಗೆ ಹಾಕಬೇಡಿ, ಪಾಸ್‌ಪೋರ್ಟ್ ಜೊತೆಗೇ ಇರಲಿ.