ಎಳೆ ಫೈಕಸ್‌ಗೆ ಕುಂಡ ಬದಲಿಸುವುದು: ಇಟ್ಟಿಗೆ ಚೂರು, ರೋಹಿಣಿ ಮಳೆ

ಬೆಂಗಳೂರಿನಲ್ಲಿ ಬೋನ್ಸಾಯ್‌ಗೆಂದು ಬೆಳೆಸುವ ಎಳೆ ಫೈಕಸ್‌ಗಳ (ಆಲದ ಜಾತಿಯ ಗಿಡಗಳ) ಕುಂಡ ಬದಲಿಸಲು ನಾನು ಕಾಯುವುದು ರೋಹಿಣಿ ಮಳೆಗೆ, ಅಂದರೆ ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ. ನೆಡುವುದು ಹೆಚ್ಚುಕಡಿಮೆ ಮಣ್ಣೇ ಇಲ್ಲದ ಇಟ್ಟಿಗೆ ಚೂರಿನಲ್ಲಿ. ಎರಡಕ್ಕೂ ಹಿರಿಯ ಹವ್ಯಾಸಿಗಳು ಮೂಗು ಮುರಿದವರೇ. ಬೇರು ಕತ್ತರಿಸುವುದು ಶಿವರಾತ್ರಿ ಆಸುಪಾಸಿನಲ್ಲೇ ಆಗಬೇಕು, ಕೆಮ್ಮಣ್ಣು ಗೊಬ್ಬರ ಇಲ್ಲದೆ ಗಿಡ ಹಿಡಿಯುವುದಿಲ್ಲ ಎನ್ನುತ್ತಿದ್ದರು. ಅವರಲ್ಲೇ ಕೆಲವರು ಈಗ ನನ್ನ ಜರಡಿ ಎರವಲು ಒಯ್ಯುತ್ತಾರೆ.

ಶಿವರಾತ್ರಿ ಲೆಕ್ಕ ಪೂರ್ತಿ ಸುಳ್ಳಲ್ಲ. ಎಲೆ ಉದುರಿಸಿ ಚಿಗುರುವ ಅರಳಿ, ಹುಣಸೆಗಳಿಗೆ ಅದೇ ಸರಿ. ಮೊಗ್ಗು ಉಬ್ಬಿ ಇನ್ನೂ ಬಿಚ್ಚದ ದಿನಗಳಲ್ಲಿ ಮುಗಿಸಬೇಕು. ಆದರೆ ವರ್ಷವಿಡೀ ಹಸಿರಾಗಿರುವ ಫೈಕಸ್‌ನ ಬೇರನ್ನು ಫೆಬ್ರವರಿಯಲ್ಲಿ ಕತ್ತರಿಸಿದರೆ ಹೊಸ ಬೇರು ಬಲಿಯುವ ಮುಂಚೆಯೇ ಏಪ್ರಿಲ್ ಬಿಸಿಲು ಬರುತ್ತದೆ. 34-35 ಡಿಗ್ರಿ, ಒಣಗಾಳಿ. ಎಲೆ ಕೇಳಿದಷ್ಟು ನೀರನ್ನು ಬೇರು ಕೊಡಲಾರದು, ತುದಿ ಕಪ್ಪಾಗುತ್ತದೆ. ರೋಹಿಣಿಯಲ್ಲಿ ಮೋಡ, ತೇವದ ಗಾಳಿ, ರಾತ್ರಿಯೂ 20 ಡಿಗ್ರಿ ಆಸುಪಾಸು. ಬೇರಿಗೆ ಬೇಕಿರುವುದು ಅದೇ. ಮಳೆ ಬಿದ್ದ ವಾರ ತುದಿಯ ಚೂಪು ಮೊಗ್ಗು ಬಿಚ್ಚುತ್ತಿದ್ದರೆ, ಕುಂಡದ ತೂತಿನಲ್ಲಿ ಬಿಳಿ ಬೇರುತುದಿ ಕಂಡರೆ ತಡ ಮಾಡಬೇಡಿ. ಮುಂದೂಡಿದರೆ ಆಷಾಢದ ಗಾಳಿ ಹೊಸ ಗಿಡವನ್ನು ಅಲ್ಲಾಡಿಸಿ, ಬರುತ್ತಿರುವ ಬೇರನ್ನು ಹರಿಯುತ್ತದೆ.

ಇನ್ನು ಇಟ್ಟಿಗೆ. ಬೋನ್ಸಾಯ್‌ಗೆ ಬಳಸುವ ಜಪಾನಿನ ಜೇಡಿಮಣ್ಣಿನ ಹರಳು, ಅಕಡಾಮ, ಮೂಟೆಗೆ ಸಾವಿರಗಳ ಲೆಕ್ಕ, ನಮ್ಮ ಮಳೆಗೆ ಒಂದೆರಡು ವರ್ಷದಲ್ಲಿ ಮೆತ್ತಗಾಗುತ್ತದೆ. ನನ್ನ ಚೂರಿಗೆ ಒಡೆಯುವ ಕೂಲಿ ಸೇರಿ ಕಿಲೋಗೆ ಐದಾರು ರೂಪಾಯಿ ಬಿದ್ದಿರಬಹುದು. ಆದರೆ ಎಲ್ಲ ಇಟ್ಟಿಗೆಯೂ ಆಗಿಬರುವುದಿಲ್ಲ. ಯಂತ್ರದಲ್ಲಿ ಕತ್ತರಿಸಿದ ಗಟ್ಟಿ ಇಟ್ಟಿಗೆ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಅರೆಬೆಂದದ್ದು ಒಂದು ಮಳೆಗಾಲಕ್ಕೇ ಕೆಸರು. ಕೈಯಚ್ಚಿನ, ಚೆನ್ನಾಗಿ ಬೆಂದ ಇಟ್ಟಿಗೆ ಬೇಕು: ನೀರಿಗೆ ಹಾಕಿದರೆ ಗುಳ್ಳೆ ಬರಬೇಕು, ರಾತ್ರಿಯಿಡೀ ನೆನೆದರೂ ಉಗುರಿಗೆ ಸವೆಯಬಾರದು. ಕೆಡವಿದ ಮನೆಯ ಇಟ್ಟಿಗೆ ಪುಕ್ಕಟೆ ಸಿಗುತ್ತದೆ, ಆದರೆ ಅಂಟಿದ ಸಿಮೆಂಟು ನೀರಿಗೆ ಸುಣ್ಣ ಬಿಡುತ್ತದೆ, ಹೊಸ ಎಲೆ ಹಳದಿಯಾಗುತ್ತದೆ. ಒಂದು ಹಿಡಿ ಚೂರಿಗೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಆ ರಾಶಿ ಬೇಡ.

6 ಮಿ.ಮೀ. ಜರಡಿಯಲ್ಲಿ ಇಳಿದು 2 ಮಿ.ಮೀ. ಮೇಲೆ ನಿಂತದ್ದು ಮಾತ್ರ ನನಗೆ. ಎರಡು ಬಕೆಟ್ ಒಡೆದರೆ ಒಂದು ಬಕೆಟ್ ಉಳಿಯುತ್ತದೆ. ದೂಳನ್ನು ತೊಳೆದು ತೆಗೆಯದಿದ್ದರೆ ಅದು ತಳಕ್ಕಿಳಿದು ಪದರ ಕಟ್ಟಿ, ನೀರು ನಿಂತು, ಬೇರು ಕೊಳೆಯುತ್ತದೆ. ಅಳತೆ ಮಗ್‌ನಲ್ಲಿ: ಇಟ್ಟಿಗೆ ಏಳು, ಜರಡಿ ಹಿಡಿದ ಕಲ್ಲಿದ್ದಲ ಸಿಂಡರ್ (ಉರಿದುಳಿದ ಗಟ್ಟಿ ಚೂರು) ಎರಡು, ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು. ಹತ್ತಿಂಚು ಅಗಲ, ನಾಲ್ಕಿಂಚು ಆಳದ ಕುಂಡಕ್ಕೆ ನಾಲ್ಕು ಲೀಟರ್ ಚಿಲ್ಲರೆ ಹಿಡಿಯುತ್ತದೆ. ತಳಕ್ಕೆ ಜಲ್ಲಿ ಬೇಡವೇ ಬೇಡ. ಸಣ್ಣ ಚೂರಿನ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯದೆ ಅದರ ಮೇಲೇ ನಿಲ್ಲುತ್ತದೆ, ಆಳವಿಲ್ಲದ ಕುಂಡದಲ್ಲಿ ಆ ಒದ್ದೆ ಬೇರಿಗೇ ಹತ್ತಿರ ಬರುತ್ತದೆ.

ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಎರಡು ವರ್ಷದ ಗಿಡಕ್ಕೇ ಚೆಂದದ ಬೋನ್ಸಾಯ್ ಟ್ರೇ ಕೊಳ್ಳುತ್ತಾರೆ. ಹಣ ದಂಡ. ಟ್ರೇಗೆ ಹೋದ ಗಿಡದ ಕಾಂಡ ದಪ್ಪವಾಗುವುದು ಅಲ್ಲಿಗೆ ನಿಂತಂತೆಯೇ. ಅಗಲದ ಮಣ್ಣಿನ ಕುಂಡ, ಮೂರ್ನಾಲ್ಕು ತೂತು ಸಾಕು.

ಹಿಂದಿನ ದಿನ ನೀರು ನಿಲ್ಲಿಸಿ, ಮಣ್ಣು ಪುಡಿಯಾಗಿ ಬೀಳಲಿ. ನರ್ಸರಿ ಗ್ರೋ ಬ್ಯಾಗ್ ಸೀಳಿ ಮೇಲಿನಿಂದ ಕೆದಕುತ್ತ ಬನ್ನಿ. ಬುಡದ ಅಡ್ಡಬೇರು ಒಂದೆರಡು ಇಂಚು ಕೆಳಗೆ ಹೂತಿರುತ್ತದೆ. ನಿಜವಾದ ಶತ್ರು ಕಾಂಡದ ನೇರ ಕೆಳಗಿನ ಮುಷ್ಟಿಯಷ್ಟು ಗಟ್ಟಿ ಕೆಮ್ಮಣ್ಣು. ಅದನ್ನು ಹಾಗೇ ಬಿಟ್ಟರೆ ಸುತ್ತಲೂ ನೀರು ಹರಿದರೂ ನಡುವೆ ಒಣಕಲಾಗಿಯೇ ಉಳಿಯುತ್ತದೆ, ಕಾರಣ ತಿಳಿಯದಂತೆ ಗಿಡ ಸೊರಗುತ್ತದೆ. ಪೈಪಿನ ನೀರು ಬಿಟ್ಟು ಬಿದಿರು ಕಡ್ಡಿಯಿಂದ ಪೂರ್ತಿ ಬಿಡಿಸಿ. ಕೆಳಕ್ಕಿಳಿದ ದಪ್ಪ ಬೇರು, ಸುತ್ತಿಕೊಂಡ ಬೇರು ತೆಗೆಯಿರಿ, ಸಣ್ಣ ಬೇರು ಉಳಿಸಿ. ಒಟ್ಟಿನಲ್ಲಿ ಮೂರನೇ ಒಂದು ಭಾಗ ಹೋದರೆ ಧಾರಾಳ. ಗಟ್ಟಿಮುಟ್ಟು ಫೈಕಸ್ ಅರ್ಧವನ್ನೂ ತಡೆಯುತ್ತದೆ. ಹಾಲು ಸೋರಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಮೇಲೆ ದೊಡ್ಡ ಎಲೆಗಳನ್ನಷ್ಟೇ ಕತ್ತರಿಸಿ, ತುದಿ ಮುಟ್ಟಬೇಡಿ. ತುದಿ ಬೆಳೆದರೇ ಬೇರೂ ಬೆಳೆಯುವುದು.

ತೂತಿಗೆ ಜಾಲರಿ, 2 ಮಿ.ಮೀ. ಅಲ್ಯೂಮಿನಿಯಂ ತಂತಿ ಕೆಳಗಿನಿಂದ ಮೇಲಕ್ಕೆ. ನಡುವೆ ಚೂರಿನ ಗುಡ್ಡೆ ಮಾಡಿ ಗಿಡವನ್ನು ತಿರುಚುತ್ತ ಒತ್ತಿ ಕೂರಿಸಿ ತಂತಿ ಬಿಗಿಯಬೇಕು. ಕಾಂಡ ಹಿಡಿದೆತ್ತಿದರೆ ಕುಂಡವೂ ಎದ್ದು ಬರಬೇಕು, ಇಲ್ಲದಿದ್ದರೆ ಮತ್ತೆ ಕಟ್ಟಿ. ಬೇರಿನ ಸಂದಿಗೆ ಚೂರು ಇಳಿಯುವಂತೆ ಕಡ್ಡಿಯಿಂದ ಚುಚ್ಚಿ. ತೂತಿನಿಂದ ಕೆಂಪು ನೀರು ಹೋಗಿ ತಿಳಿನೀರು ಬರುವವರೆಗೆ ಹಾಕಿ.

ಆಮೇಲೆ ಎರಡು ಮೂರು ವಾರ ಅರ್ಧ ನೆರಳಿನ ಹಸಿರು ಬಲೆಯಡಿ, ಗಾಳಿ ತಾಗದ ಮೂಲೆಯಲ್ಲಿ. ಒಂದಷ್ಟು ಹಳೆ ಎಲೆ ಉದುರುತ್ತದೆ, ಹೆದರಬೇಡಿ. ಹೊಸ ಎಲೆ ಬಿಚ್ಚಿದ ಮೇಲೆ ಬಿಸಿಲು. ಆರು ವಾರ ಕಳೆದು ಬೇವಿನ ಹಿಂಡಿ, ಅದೂ ಬಟ್ಟೆಯ ಪುಟ್ಟ ಗಂಟಿನಲ್ಲಿ. ಹಾಗೇ ಉದುರಿಸಿದರೆ ಮಳೆಗೆ ಕರಗಿ ಚೂರಿನ ಸಂದಿ ಮುಚ್ಚುತ್ತದೆ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಬೇಕೇ ಬೇಕು, ಇಟ್ಟಿಗೆಯ ಬೆಲೆ ಅದು. ಬೋರ್‌ವೆಲ್ ನೀರಾದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ವಾರಕ್ಕೊಮ್ಮೆಯಾದರೂ ಡ್ರಮ್ಮಿನ ಮಳೆನೀರು ಸುರಿದು ತೊಳೆಯಿರಿ.

ಪರ್ಲೈಟ್ (ಕುಂಡದ ಮಿಶ್ರಣಕ್ಕೆ ಸೇರಿಸುವ ಹಗುರ ಬಿಳಿ ಕಲ್ಲಿನ ಹರಳು) ಬದಲು ಥರ್ಮೋಕೋಲ್ ಪುಡಿ ಹಾಕಿ ನೋಡಿದ್ದೂ ಆಯಿತು, ಮೊದಲ ಜೋರು ಮಳೆಗೇ ತೇಲಿ ಪಕ್ಕದ ಮನೆ ತಲುಪಿತು. ತರಕಾರಿ ತೊಳೆಯುವ ಪ್ಲಾಸ್ಟಿಕ್ ಬುಟ್ಟಿ ಮಾತ್ರ ಭೇಷ್: ಬೇರು ಅಂಚಿನ ತೂತಿಗೆ ಬಂದು ಗಾಳಿಗೆ ಒಣಗಿ ನಿಲ್ಲುತ್ತದೆ, ಹಿಂದೆ ಕವಲೊಡೆಯುತ್ತದೆ. ನಲವತ್ತು ಐವತ್ತು ರೂಪಾಯಿಯ ಬುಟ್ಟಿಯಲ್ಲಿ ಬಂದ ಸಣ್ಣ ಬೇರು ಕುಂಡದಲ್ಲಿ ಬಂದಿಲ್ಲ. ಮಾರ್ಚಿನಲ್ಲಿ ಬೇಗ ಒಣಗುವುದೇ ಅದರ ಕಾಟ.

ಎಳೆ ಫೈಕಸ್‌ಗೆ ವರ್ಷ, ಒಂದೂವರೆ ವರ್ಷಕ್ಕೊಮ್ಮೆ ಇದನ್ನು ಮಾಡಿದರೆ ಸಾಕು. ಹಾಕಿದ ನೀರು ಮೇಲೇ ನಿಂತು ನಿಧಾನ ಇಳಿಯತೊಡಗಿದರೆ ಸಮಯ ಬಂತು. ಬೋಗನ್‌ವಿಲ್ಲಾಕ್ಕೆ ಈ ತೊಳೆಯುವ ಕೆಲಸ ಬೇಡ, ಬೇರು ಪಟಪಟ ಮುರಿಯುತ್ತದೆ. ಅಂಚಿನ ಮಣ್ಣಷ್ಟೇ ಕೆದಕಿ ಇಡಿಯಾಗಿ ಕೂರಿಸಿ. ದಪ್ಪ ಎಲೆಯ ಜೇಡ್ ಗಿಡಕ್ಕಂತೂ ನೆಟ್ಟ ಮೇಲೆ ವಾರದವರೆಗೆ ನೀರೇ ಬೇಡ, ಮಳೆಯೂ ತಾಗಬಾರದು.