ಕೊಶಿತ್ಸೆಗೆ ಹೊಸದಾಗಿ ಬಂದ ಕನ್ನಡಿಗರಿಗೆ: ರೋಮಾ ನೆರೆಯವರ ಮನೆ, ದುಡಿಮೆ, ನೆಮ್ಮದಿ

ಪೂರ್ವ ಸ್ಲೋವಾಕಿಯಾದ ಕೊಶಿತ್ಸೆ ನಗರಕ್ಕೆ ಕೆಲಸಕ್ಕೆಂದು ಬರುವ ನಮ್ಮವರಿಗೆ ಬಾಡಿಗೆ ಮನೆ ಹುಡುಕುವಾಗಲೇ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಕಡೆ ರೋಮಾಗಳಿಲ್ಲ, ಚಿಂತೆ ಬೇಡ." ರೋಮಾ ಎಂದರೆ ಯುರೋಪಿನ ಹಲವು ದೇಶಗಳಲ್ಲಿ ನೆಲೆಸಿರುವ, ಭಾರತ ಮೂಲದ ಒಂದು ಅಲ್ಪಸಂಖ್ಯಾತ ಸಮುದಾಯ. ದಲ್ಲಾಳಿಯು ಅದನ್ನು ಗಾಳಿ ಬೆಳಕಿನಂತೆ ಮನೆಯ ಒಂದು ಗುಣವೆಂದೇ ಹೇಳುತ್ತಾನೆ. ಆ ಮಾತಿಗೆ ತಲೆಯಾಡಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು, ಹನ್ನೊಂದು ವರ್ಷ ಇಲ್ಲಿ ಬಾಳಿದವನಾಗಿ, ಬರೆಯುತ್ತಿದ್ದೇನೆ.

ನಗರದ ಅಂಚಿನ ಲೂನಿಕ್ 9 ಬಡಾವಣೆಯ ಹೆಸರನ್ನು ನೀವು ಬೇಗನೆ ಕೇಳುತ್ತೀರಿ. 2021ರ ಸೆಪ್ಟೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಭೇಟಿ ನೀಡಿದ್ದು ಅಲ್ಲಿಗೇ. ಸಮಾಜವಾದಿ ಕಾಲದಲ್ಲಿ ಕಟ್ಟಿದ ಆ ಕಟ್ಟಡಗಳಲ್ಲಿ ಮೊದಲು ಪೊಲೀಸರ, ಸೈನಿಕರ ಕುಟುಂಬಗಳೂ ಇದ್ದವು. ಅವರು ಬಿಟ್ಟುಹೋದ ಮೇಲೆ, ಬಾಡಿಗೆ ಕಟ್ಟಲಾಗದ ರೋಮಾ ಕುಟುಂಬಗಳನ್ನು ನಗರದ ಬೇರೆ ಕಡೆಗಳಿಂದ ತಂದು ಅಲ್ಲಿ ತುಂಬಲಾಯಿತು. ಬಾಕಿ ಬೆಳೆದಂತೆ ನೀರು, ಅನಿಲಗಳ ಪೂರೈಕೆ ನಿಂತಿತು, ಹಲವು ಕಟ್ಟಡಗಳನ್ನು ಕೆಡವಲಾಯಿತು. ಹಳ್ಳಿಗಳ ಅಂಚಿನ ಕೇರಿಗಳ ಸ್ಥಿತಿ ಇದಕ್ಕಿಂತ ಕಠಿಣ. ಅಲ್ಲಿನ ಎಷ್ಟೋ ಮನೆಗಳು ನಿಂತಿರುವ ಜಾಗ ಮನೆಯವರ ಹೆಸರಿನಲ್ಲಿಲ್ಲ. ಜಾಗದ ಪತ್ರವಿಲ್ಲದಿದ್ದರೆ ಕಟ್ಟುವ ಪರವಾನಗಿಯಿಲ್ಲ, ಪರವಾನಗಿಯಿಲ್ಲದಿದ್ದರೆ ನಲ್ಲಿಯ ಸಂಪರ್ಕವಿಲ್ಲ. ಕೆಲವು ಕೇರಿಗಳಲ್ಲಿ ಮುಂಗಡ ಹಣ ತುಂಬಿದ ಚಿಪ್ ತೋರಿಸಿದರೆ ಮಾತ್ರ ನೀರು ಬಿಡುವ ಯಂತ್ರವೊಂದೇ ಇಡೀ ಕೇರಿಗೆ ಆಸರೆ.

ಇದು ಒಂದು ಊರಿನ ಕಥೆಯಲ್ಲ. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸಮೀಕ್ಷೆ ನಡೆದ ಒಕ್ಕೂಟದ ದೇಶಗಳ ರೋಮಾ ಜನರಲ್ಲಿ ಶೇ 80ರಷ್ಟು ಮಂದಿ ಬಡತನದ ಅಂಚಿನಲ್ಲಿದ್ದರು, ಶೇ 52ರಷ್ಟು ಮಂದಿ ತೇವ ಹಿಡಿದ, ಕತ್ತಲೆಯ ಅಥವಾ ಶೌಚ ಸೌಕರ್ಯವಿಲ್ಲದ ಮನೆಗಳಲ್ಲಿದ್ದರು, ಶೇ 22ರಷ್ಟು ಮಂದಿಯ ಮನೆಯೊಳಗೆ ನಲ್ಲಿ ನೀರಿರಲಿಲ್ಲ.

"ಅವರಿಗೆ ದುಡಿಯುವ ಮನಸ್ಸಿಲ್ಲ" ಎಂಬುದು ನೀವು ಕೇಳುವ ಎರಡನೆಯ ಮಾತು. 1989ರವರೆಗೆ ಇದೇ ಜನರ ಗಂಡಸರು ಕಟ್ಟಡ ಕೆಲಸಗಳಲ್ಲಿ, ಕಾರ್ಖಾನೆಗಳಲ್ಲಿ, ಸಹಕಾರಿ ಹೊಲಗಳಲ್ಲಿ ದುಡಿಯುತ್ತಿದ್ದರು. ಸಮಾಜವಾದಿ ವ್ಯವಸ್ಥೆ ಬಿದ್ದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ಅವರಿದ್ದರು. ಈಗ ಸಾಲದ ಬಾಕಿ ವಸೂಲಿಗೆ ಒಳಗಾದವನ ಸಂಬಳದಲ್ಲಿ ಒಂದು ಪಾಲು ಕೈಸೇರುವ ಮುನ್ನವೇ ಕಡಿತವಾಗುವುದರಿಂದ, ಲೆಕ್ಕಕ್ಕೆ ಸಿಗದ ದಿನಗೂಲಿಯೇ ಅನೇಕರಿಗೆ ವಾಸಿಯೆನಿಸುತ್ತದೆ.

ಬದುಕು ತೃಪ್ತಿಕರವೇ ಎಂದು ಸೊನ್ನೆಯಿಂದ ಹತ್ತರವರೆಗಿನ ಅಂಕ ಕೇಳುವ ಸಮೀಕ್ಷೆಗಳಿವೆ. ಆ ಅಂಕವನ್ನು ಎಚ್ಚರದಿಂದ ಓದಬೇಕೆಂದು ನನಗನ್ನಿಸಿದ್ದು ರೋಮಾ ಸಹೋದ್ಯೋಗಿಯೊಬ್ಬನ ತಾಯಿಯ ಮನೆಗೆ ಹೋದಾಗ. ಕಬೋರ್ಡನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಟ್ಟಿದ್ದರು, ಹಿಂದೆ ಬೂಷ್ಟು ಕಪ್ಪಗೆ ಹರಡಿತ್ತು. ಸೌದೆ ಒಲೆಯ ಬಳಿ ಮುಚ್ಚಳ ಹಾಕಿದ ಬಕೆಟ್ಟುಗಳಲ್ಲಿ ಆ ದಿನದ ನೀರು. "ಮಕ್ಕಳು ಮೊಮ್ಮಕ್ಕಳು ಕೂಗಳತೆಯಲ್ಲಿದ್ದಾರೆ, ನನಗೇನು ಕಡಿಮೆ?" ಎಂದ ಆಕೆ, ನಾನು ಹೊರಡುವಾಗ ಮೊಮ್ಮಗಳ ಕೆಮ್ಮು ಚಳಿಗಾಲ ಮುಗಿಯುವವರೆಗೂ ಬಿಡುವುದಿಲ್ಲವೆಂದು ಮೆಲ್ಲಗೆ ಹೇಳಿದರು. ಎರಡು ಮಾತೂ ನಿಜ. ಮೊದಲನೆಯದನ್ನಷ್ಟೇ ಎತ್ತಿಕೊಂಡು "ಅವರು ಹಾಗೆಯೇ ಸುಖವಾಗಿದ್ದಾರೆ" ಎನ್ನುವುದು ಅನ್ಯಾಯ.

ಆದ್ದರಿಂದ ದಲ್ಲಾಳಿಯ ಆ ಮಾತಿಗೆ, ಅದು ನಿಮಗೆ ಮುಖ್ಯವಲ್ಲವೆಂದು ಸ್ಪಷ್ಟವಾಗಿ ಹೇಳಿ. ಕೇರಿಗಳಿಗೆ ಫೋಟೊ ತೆಗೆಯಲೆಂದು ಹೋಗಬೇಡಿ. "ತ್ಸಿಗಾನ್" ಎಂಬ ಪದ ಇಲ್ಲಿ ಬೈಗುಳವಾಗಿಯೂ ಬಳಕೆಯಾಗುವುದರಿಂದ "ರೋಮ್" ಎಂದೇ ಹೇಳಿ. ಅವರ ಪೂರ್ವಿಕರು ಭಾರತದಿಂದ ಬಂದವರೆಂಬುದು ನಿಜವಾದರೂ, ನಮ್ಮ ಲಂಬಾಣಿಗರೇ ಇವರೆಂದು ಆಧಾರವಿಲ್ಲದೆ ಹೇಳಬೇಡಿ. ನಮ್ಮ ಮೈಬಣ್ಣ ನೋಡಿ ಅಂಗಡಿಯಲ್ಲಿ ನಿಮ್ಮನ್ನೂ ರೋಮಾ ಎಂದುಕೊಂಡು ಹಿಂಬಾಲಿಸಿದರೆ, "ನಾನು ಅವರಲ್ಲ" ಎಂದು ಪಾರಾಗುವ ಬದಲು, ಏಕೆ ಹಿಂಬಾಲಿಸುತ್ತಿದ್ದೀರೆಂದು ಕೇಳಿ. ಮೆಟ್ಟಿಲಲ್ಲಿ ರೋಮಾ ನೆರೆಯವರು ಎದುರಾದರೆ ಅವರ ರೋಮಾನಿ ಭಾಷೆಯಲ್ಲಿ "ಲಾಚೊ ದಿವೆಸ್" ಎನ್ನಿ. ಒಳ್ಳೆಯ ದಿನವಾಗಲಿ ಎಂದರ್ಥ, ಆ "ದಿವೆಸ್" ನಮ್ಮ "ದಿವಸ"ವೇ.